ಕಳ್ಳ, ತಳವಾರ, ಪತ್ತೇದಾರ: ಕನ್ನಡದಲ್ಲಿ ಅಪರಾಧ ಕಥೆಗಳ ಪ್ರಕಟಣೆಯ ಹಾದಿ

ಸಾಹಿತ್ಯ ಸಮ್ಮೇಳನಗಳ ಸ್ಮರಣ ಸಂಚಿಕೆಗಳಲ್ಲಿ ಶರಣರ ವಚನಗಳು, ಶಾಸನಗಳು, ನವೋದಯದ ಕವಿಗಳು, ಗಡಿನಾಡಿನ ಕನ್ನಡ ಶಾಲೆಗಳು ಇವುಗಳನ್ನು ಕುರಿತ ಲೇಖನಗಳಿಗೆ ಸಹಜವಾಗಿಯೇ ಅಗ್ರಸ್ಥಾನ. ಸೊನ್ನಲಿಗೆಯ ಸಿದ್ಧರಾಮೇಶ್ವರರ ನೆಲದಲ್ಲಿ ಅದು ಹಾಗಿರುವುದೇ ಯೋಗ್ಯ. ಆದರೆ ನಮ್ಮ ಹಿರಿಯರಿಗೆ ಕನ್ನಡ ಓದುವ ರೂಢಿ ಬಿದ್ದದ್ದು ಯಾವ ಪುಸ್ತಕಗಳಿಂದ ಎಂದು ಮನೆಮನೆಗಳಲ್ಲಿ ವಿಚಾರಿಸಿದರೆ ಮತ್ತೊಂದು ಉತ್ತರವೂ ದೊರೆಯುತ್ತದೆ. ಬಸ್ ನಿಲ್ದಾಣದ ಅಂಗಡಿಯಲ್ಲಿ ತೂಗುಹಾಕಿದ್ದ, ಜಾತ್ರೆಯ ಸಾಲಿನಲ್ಲಿ ಗೋಣಿತಟ್ಟಿನ ಮೇಲೆ ಹರಡಿದ್ದ, ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿ ರಟ್ಟು ಹರಿದುಹೋದ ತೆಳುವಾದ ಪತ್ತೇದಾರಿ ಪುಸ್ತಕ ಎಂಬುದೇ ಆ ಉತ್ತರ. ಅದನ್ನು ಓದಿದವರು ಅನೇಕರು, ಕಾಪಿಟ್ಟವರು ವಿರಳ. ಸಾಹಿತ್ಯ ಚರಿತ್ರೆಯಲ್ಲಿ ಅದಕ್ಕೆ ದೊರೆತಿರುವುದು ಕೆಲವೇ ಸಾಲುಗಳು.

ಕಳ್ಳತನ, ಕೊಲೆ, ಪತ್ತೆ, ದರೋಡೆ, ಬಂಡಾಯ ಇವುಗಳ ಕಥೆಗಳು ಕನ್ನಡದಲ್ಲಿ ಯಾವಾಗ, ಯಾರಿಂದ, ಹೇಗೆ ಒಂದೆಡೆ ಕೂಡಿ ಪ್ರಕಟವಾದವು ಎಂಬುದನ್ನು ಸ್ಥೂಲವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಕಥೆ ಹುಟ್ಟುವುದು ಒಂದು ಘಟನೆ, ಅದು ಸಂಕಲನವಾಗಿ ಉಳಿಯುವುದು ಇನ್ನೊಂದು. ಈ ಎರಡರ ನಡುವಿನ ಅಂತರದಲ್ಲಿಯೇ ನಮ್ಮ ಒಂದು ಪರಂಪರೆ ಸವೆದುಹೋಗುತ್ತಿದೆ.

ಮೊದಲ ಗದ್ಯದಲ್ಲಿಯೇ ಮೊದಲ ಕಳ್ಳ

ಪತ್ತೇದಾರಿ ಕಥೆ ಇಂಗ್ಲಿಷಿನಿಂದ ಬಂದ ಸರಕು ಎಂಬ ಮಾತು ರೂಢಿಯಲ್ಲಿದೆ. ಅದು ಅರ್ಧ ಮಾತ್ರ ನಿಜ. ನಮಗೆ ದೊರೆತಿರುವ ಹಳೆಯ ಕನ್ನಡ ಗದ್ಯಕೃತಿ ‘ವಡ್ಡಾರಾಧನೆ’. ಸುಮಾರು ಹತ್ತನೆಯ ಶತಮಾನದ್ದು. ಅದು ಹತ್ತೊಂಬತ್ತು ಕಥೆಗಳ ಸಂಕಲನ. ಅದರಲ್ಲಿನ ಒಂದು ಕಥೆ ವಿದ್ಯುಚ್ಚೋರನದು. ಹಗಲೆಲ್ಲ ಕುಷ್ಠರೋಗಿಯ ವೇಷದಲ್ಲಿ ಬಿದ್ದಿದ್ದು ರಾತ್ರಿ ನಗರವನ್ನು ದೋಚುವ ಕಳ್ಳ ಆತ. ಅವನನ್ನು ಹಿಡಿಯಬೇಕಾದವನು ಯಮದಂಡನೆಂಬ ತಳಾರ, ಎಂದರೆ ಇಂದಿನ ಮಾತಿನಲ್ಲಿ ನಗರರಕ್ಷಕ. ಅರಸನ ಹಾರ ಕಳುವಾಗುತ್ತದೆ, ತಳಾರನಿಗೆ ಗಡುವು ಬೀಳುತ್ತದೆ, ರೋಗಿಯನ್ನೇ ಕಳ್ಳನೆಂದು ಹಿಡಿದು ತಂದಾಗ ಯಾರೂ ನಂಬುವುದಿಲ್ಲ, ಎಷ್ಟು ಹಿಂಸಿಸಿದರೂ ಅವನು ಬಾಯಿ ಬಿಡುವುದಿಲ್ಲ. ಕೊನೆಗೆ ತಳಾರನ ತಲೆಗೇ ಅಪಾಯ ಬಂದಾಗ ಕಳ್ಳನು ನಿಜ ನುಡಿಯುತ್ತಾನೆ. ಅವರಿಬ್ಬರೂ ಬಾಲ್ಯದಲ್ಲಿ ಜೊತೆಯಾಗಿ ಕಲಿತವರು, ನೀನು ಕಾಯುವ ಊರಿನಲ್ಲಿಯೇ ಕಳುವು ಮಾಡುವೆನೆಂದು ಒಬ್ಬ ಇನ್ನೊಬ್ಬನಿಗೆ ಮಾತು ಕೊಟ್ಟವನು ಎಂಬ ಗುಟ್ಟು ಆಗ ಬಯಲಾಗುತ್ತದೆ.

ವೇಷ, ಗಡುವು, ತಪ್ಪಿದ ಸಾಕ್ಷಿ, ಕೊನೆಯ ಪುಟದವರೆಗೆ ಬಚ್ಚಿಟ್ಟ ಹಳೆಯ ಸಂಬಂಧ ಎಂಬ ಪತ್ತೇದಾರಿ ಕಥೆಯ ಸಲಕರಣೆಗಳೆಲ್ಲ ಅಲ್ಲಿವೆ. ಜೈನಮುನಿಗಳ ಬಾಳನ್ನು ಹೇಳಲು ಹೊರಟ ಗ್ರಂಥವು ಕಳ್ಳನೂ ಕೊನೆಗೆ ಮುನಿಯಾಗಬಲ್ಲನೆಂದು ನಂಬಿದ್ದರಿಂದಲೇ ಅವನ ಕಥೆಗೆ ಸ್ಥಾನವಿತ್ತಿತು. ಹಾಗೆ ಸಂಕಲನದೊಳಗೆ ಸೇರಿದ್ದರಿಂದಲೇ ಅದು ಸಾವಿರ ವರ್ಷ ಉಳಿಯಿತು.

ಗಡಿ ಎಂಬ ಕಥಾಬೀಜ

ಅಮೆರಿಕದ ‘ವೆಸ್ಟರ್ನ್’ ಕಥೆಗಳನ್ನು ನಮ್ಮವರು ಕುದುರೆ, ಪಿಸ್ತೂಲು, ಅಗಲ ಅಂಚಿನ ಟೊಪ್ಪಿಗೆಗಳ ಕಥೆಗಳೆಂದು ಬಲ್ಲರು. ಅವುಗಳ ತಿರುಳು ಬೇರೆ. ಒಂದು ಆಡಳಿತದ ಕೈ ಮುಗಿದು ಇನ್ನೊಂದರ ಕೈ ಇನ್ನೂ ತಲುಪದ ಜಾಗದಲ್ಲಿ ನ್ಯಾಯ ಯಾರದು ಎಂಬ ಪ್ರಶ್ನೆಯೇ ಆ ತಿರುಳು. ಅಂಥ ಜಾಗ ನಮಗೆ ಅಪರಿಚಿತವಲ್ಲ. ಸ್ವಾತಂತ್ರ್ಯಪೂರ್ವದಲ್ಲಿ ಕುಂಭಾರಿಯ ಸುತ್ತಲಿನ ನಕಾಶೆಯನ್ನು ನೆನೆಯೋಣ. ಸೊಲ್ಲಾಪುರ ಬ್ರಿಟಿಷರ ಮುಂಬಯಿ ಪ್ರಾಂತ್ಯದ ಜಿಲ್ಲೆ. ಅಲ್ಲಿಂದ ಹೊರಟು ಕುಂಭಾರಿಯನ್ನು ದಾಟಿ ಮುಂದೆ ಹೋದರೆ ಭೋಸಲೆ ಮನೆತನದ ಅಕ್ಕಲಕೋಟೆ ಸಂಸ್ಥಾನ. ಪೂರ್ವಕ್ಕೆ ನಳದುರ್ಗ, ಆಳಂದಗಳ ಕಡೆ ನಿಜಾಮನ ಸೀಮೆ. ಪಶ್ಚಿಮಕ್ಕೆ ಡಫಳೆ ಮನೆತನದ ಜತ್ತ. ಒಂದೆಡೆ ತಪ್ಪು ಮಾಡಿದವನು ಒಂದು ರಾತ್ರಿ ನಡೆದರೆ ಇನ್ನೊಂದು ಸರಕಾರದ ನೆಲದಲ್ಲಿರುತ್ತಿದ್ದನು. ಹಿಂಬಾಲಿಸಿದ ಸಿಪಾಯಿ ಗಡಿಗಲ್ಲಿನ ಬಳಿ ನಿಲ್ಲಬೇಕಾಗುತ್ತಿತ್ತು. ಇಂಥ ನೆಲದಲ್ಲಿ ಪುಂಡರ ಕಥೆಗಳು ಹುಟ್ಟದಿದ್ದರೆ ಆಶ್ಚರ್ಯ.

ಇಂಗ್ಲಿಷ್ ಸಾಹಿತ್ಯದ ಆರಂಭದ ಅಪರಾಧ ಕಾದಂಬರಿಗಳಲ್ಲಿ ಒಂದಾದ ‘ಕನ್ಫೆಷನ್ಸ್ ಆಫ್ ಎ ಥಗ್’ (1839) ಬರೆದ ಫಿಲಿಪ್ ಮೆಡೋಸ್ ಟೇಲರ್ ನಿಜಾಮನ ಸೇವೆಯಲ್ಲಿದ್ದ ಅಧಿಕಾರಿ. ಮುಂದೆ ಸುರಪುರದಲ್ಲಿ ಕೆಲವು ವರ್ಷಗಳಿದ್ದು, 1853ರಲ್ಲಿ ಸೊಲ್ಲಾಪುರದ ನೆರೆಯ ನಳದುರ್ಗಕ್ಕೆ ಬಂದನು. ಕೊರಳಿಗೆ ಉರುಲು ಬಿಗಿಯುವ ಥಗ್ಗನೊಬ್ಬ ತನ್ನ ಕಥೆಯನ್ನು ತಾನೇ ಹೇಳುವ ಆ ಕಾದಂಬರಿ ದಖ್ಖನ್ನಿನ ದಾರಿಗಳನ್ನು ಲಂಡನ್ನಿನ ಓದುಗರಿಗೆ ಪರಿಚಯಿಸಿತು. ಆದರೆ ಆ ದಾರಿಗಳಲ್ಲಿ ನಡೆದಾಡುತ್ತಿದ್ದ ನಮ್ಮ ಜನರ ಬಾಯಲ್ಲಿದ್ದ ಕಥೆಗಳ ರೂಪ ಬೇರೆಯಾಗಿತ್ತು. ಅದು ಲಾವಣಿ.

ಮುದ್ರಣಕ್ಕೆ ಬಂದ ಲಾವಣಿಗಳು

ಶಾಸನ ವಿದ್ವಾಂಸನೆಂದು ನಾವೆಲ್ಲ ಬಲ್ಲ ಜಾನ್ ಫೇತ್‌ಫುಲ್ ಫ್ಲೀಟ್ ಮುಂಬಯಿ ಪ್ರಾಂತ್ಯದ ಅಧಿಕಾರಿಯಾಗಿದ್ದಾಗ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ, ಇಂಗ್ಲಿಷ್ ಅನುವಾದದೊಂದಿಗೆ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ 1885ರಿಂದ ಪ್ರಕಟಿಸಿದನು. ಅವನು ಆಯ್ದ ವಿಷಯಗಳನ್ನು ಗಮನಿಸಬೇಕು. 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ಸೆಣಸಿದ ಹಲಗಲಿಯ ಬೇಡರು ಅಲ್ಲಿದ್ದಾರೆ. ಸಂಗೊಳ್ಳಿ ರಾಯಣ್ಣನಿದ್ದಾನೆ. ಸಂಗ್ಯಾನ ಅಪರಾಧ ಮತ್ತು ಸಾವಿನ ಕಥೆಯೂ ಇದೆ. ಗೆಳೆಯನ ವಿಶ್ವಾಸಘಾತ, ಪರಸ್ತ್ರೀ ಮೋಹ, ಕೊಲೆ ಇವುಗಳಿಂದ ಹೆಣೆದ ಆ ಬೈಲಹೊಂಗಲದ ಕಥೆ ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಗಿ ಇಂದಿಗೂ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಆಡಲ್ಪಡುತ್ತಿದೆ.

ಕನ್ನಡದ ಬಂಡಾಯಗಾರರ ಮತ್ತು ಅಪರಾಧದ ಕಥೆಗಳು ಒಂದು ಮಾಲೆಯಾಗಿ ಅಚ್ಚಿನಲ್ಲಿ ಕೂಡಿದ ಆರಂಭದ ಪ್ರಯತ್ನಗಳಲ್ಲಿ ಇದು ಮುಖ್ಯವಾದುದು ಎಂದರೆ ತಪ್ಪಾಗಲಾರದು. ಇಲ್ಲೊಂದು ವ್ಯಂಗ್ಯವೂ ಇದೆ. ಯಾವ ಸರಕಾರದ ವಿರುದ್ಧ ಹಲಗಲಿಯವರು ಬಂದೂಕು ಹಿಡಿದರೋ ಅದೇ ಸರಕಾರದ ಅಧಿಕಾರಿ ಅವರ ಹಾಡನ್ನು ಉಳಿಸಿದನು. ಕಥೆಯ ನಾಯಕ ಯಾರು, ಅಪರಾಧಿ ಯಾರು ಎಂಬುದನ್ನು ಹಾಡುವವನೂ ಸಂಪಾದಕನೂ ಒಂದೇ ಬಗೆಯಲ್ಲಿ ಕಾಣಬೇಕಾಗಿಲ್ಲ. ಹಾಡನ್ನು ಹಾಡಾಗಿಯೇ ಬರೆದುಕೊಂಡರೆ ತೀರ್ಪನ್ನು ಮುಂದಿನ ಓದುಗರು ಕೊಡುತ್ತಾರೆ.

ಇಂದಿನ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಸಿಂಧೂರಿನ ಲಕ್ಷ್ಮಣನದು ಇದೇ ಧಾಟಿಯ ಕಥೆ. 1920ರ ದಶಕದ ಆರಂಭದಲ್ಲಿ ಬ್ರಿಟಿಷರಿಗೆ ಬೆದರದೆ ಮೆರೆದು, ಬೀಳಗಿಯ ಕಡೆ ಪೊಲೀಸರ ಗುಂಡಿಗೆ ಬಲಿಯಾದ ಅವನು ದಫ್ತರದ ಪಾಲಿಗೆ ದರೋಡೆಕೋರ, ಜನರ ಪಾಲಿಗೆ ಬಡವರ ಬಂಧು. ಲಾವಣಿ, ಗೀಗೀ ಪದ, ಕಂಪನಿ ನಾಟಕ, ಚಲನಚಿತ್ರಗಳಲ್ಲೆಲ್ಲ ಅವನು ಸಂಚರಿಸಿದ್ದಾನೆ. ಅವನು ಹುಟ್ಟಿದ ಊರು ಇಂದು ಮಹಾರಾಷ್ಟ್ರದಲ್ಲಿದೆ, ಅವನ ಹಾಡು ಕನ್ನಡದಲ್ಲಿದೆ. ಗಡಿನಾಡ ಕನ್ನಡಿಗರಿಗೆ ಇದಕ್ಕಿಂತ ಆಪ್ತವಾದ ‘ವೆಸ್ಟರ್ನ್’ ಇನ್ನಾವುದಿದ್ದೀತು?

ಹೊರಗಿನ ಮಾದರಿಗಳು

ಪಾಶ್ಚಾತ್ಯ ದೇಶಗಳಲ್ಲಿ ಈ ಬಗೆಯ ಸಾಹಿತ್ಯ ಬೆಳೆದದ್ದು ಪತ್ರಿಕೆಗಳಿಂದ. ಎಡ್ಗರ್ ಆಲನ್ ಪೋ 1841ರಲ್ಲಿ ಮಾಸಪತ್ರಿಕೆಯೊಂದರಲ್ಲಿ ಬರೆದ ಸಣ್ಣಕಥೆಯನ್ನು ಆಧುನಿಕ ಪತ್ತೇದಾರಿ ಕಥೆಯ ಮೂಲವೆಂದು ಎಣಿಸುತ್ತಾರೆ. ಅಮೆರಿಕದಲ್ಲಿ 1860ರಿಂದ ಅಗ್ಗದ ‘ಡೈಮ್ ನಾವೆಲ್’ಗಳು ಗಡಿಸೀಮೆಯ ಸಾಹಸಗಳನ್ನು ಮನೆಮನೆಗೆ ಒಯ್ದವು. ಆರ್ಥರ್ ಕಾನನ್ ಡಾಯ್ಲ್‌ನ ಷರ್ಲಾಕ್ ಹೋಮ್ಸ್ 1887ರಲ್ಲಿ ಮೊದಲು ಕಾಣಿಸಿಕೊಂಡ ಕಾದಂಬರಿಯ ಒಂದು ಭಾಗ ಲಂಡನ್ನಿನಲ್ಲಿ ನಡೆದರೆ ಇನ್ನೊಂದು ಭಾಗ ಅಮೆರಿಕದ ಯೂಟಾ ಪ್ರಾಂತದಲ್ಲಿ ನಡೆಯುತ್ತದೆ. ಎಂದರೆ ಪತ್ತೇದಾರಿ ಕಥೆಯೂ ವೆಸ್ಟರ್ನ್ ಕಥೆಯೂ ಒಂದೇ ಹೊದಿಕೆಯೊಳಗೆ ಇದ್ದವು. ಆದರೆ ಹೋಮ್ಸ್ ಮನೆಮಾತಾದದ್ದು 1891ರಲ್ಲಿ ‘ಸ್ಟ್ರ್ಯಾಂಡ್’ ಪತ್ರಿಕೆ ತಿಂಗಳಿಗೊಂದು ಸಣ್ಣಕಥೆಯನ್ನು ಕೊಡತೊಡಗಿದ ಮೇಲೆ. ಮರುವರ್ಷವೇ ಹನ್ನೆರಡು ಕಥೆಗಳು ಸಂಕಲನವಾಗಿ ಬಂದವು. ಪತ್ರಿಕೆಯಲ್ಲಿ ಬಂದದ್ದನ್ನು ಕೂಡಲೇ ಪುಸ್ತಕವಾಗಿಸುವ ಆ ಶಿಸ್ತು ಅವುಗಳನ್ನು ಉಳಿಸಿತು.

ಭಾರತದಲ್ಲಿಯೂ ಈ ಗಾಳಿ ಬೇಗ ಬೀಸಿತು. ಬಂಗಾಳದಲ್ಲಿ ಪೊಲೀಸ್ ಅಧಿಕಾರಿ ಪ್ರಿಯನಾಥ ಮುಖೋಪಾಧ್ಯಾಯ 1892ರಿಂದ ‘ದಾರೋಗಾರ್ ದಪ್ತರ್’ ಎಂಬ ಹೆಸರಿನಲ್ಲಿ ತಾನು ತನಿಖೆ ಮಾಡಿದ ಪ್ರಕರಣಗಳನ್ನು ಬರೆದನು. ಹಿಂದಿಯಲ್ಲಿ ಗೋಪಾಲರಾಮ ಗಹಮರಿ 1900ರಲ್ಲಿ ‘ಜಾಸೂಸ್’ ಪತ್ರಿಕೆಯನ್ನು ಆರಂಭಿಸಿದರು. ನೆರೆಯ ಮರಾಠಿಯಲ್ಲಿ ಬಾಬೂರಾವ್ ಅರ್ನಾಳಕರ ಸಾವಿರಕ್ಕೂ ಮಿಕ್ಕಿ ರಹಸ್ಯಕಥೆಗಳನ್ನು ಬರೆದರು. ಅವರ ಝುಂಝಾರ, ಕಾಳಾಪಹಾಡ ಎಂಬ ನಾಯಕರ ಹೆಸರು ಕೇಳದ ಮರಾಠಿ ಓದುಗರು ಆ ಕಾಲದಲ್ಲಿ ಕಡಿಮೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂಬ ಸ್ಥಿತಿಯ ಗಡಿನಾಡಿನಲ್ಲಿ ಎರಡೂ ಭಾಷೆಗಳ ಓದು ಅಕ್ಕಪಕ್ಕದಲ್ಲಿಯೇ ಬೆಳೆಯುವಂಥದು.

ಕನ್ನಡದ ಪತ್ತೇದಾರರು

ಕನ್ನಡದಲ್ಲಿ ಈ ಮಾರ್ಗದ ಆರಂಭಿಕರಲ್ಲಿ ಮೈಸೂರಿನ ‘ತಾತಯ್ಯ’ ಎಂದು ಜನಪ್ರೀತಿ ಪಡೆದ ಎಂ. ವೆಂಕಟಕೃಷ್ಣಯ್ಯನವರನ್ನು (1844–1933) ಮೊದಲು ನೆನೆಯಬೇಕು. ಶಿಕ್ಷಣ, ಪತ್ರಿಕೋದ್ಯಮ, ಸಮಾಜಸೇವೆಗಳಿಗೆ ಹೆಸರಾದ ಆ ಹಿರಿಯರು ‘ಚೋರಗ್ರಹಣ ತಂತ್ರ’ ಎಂಬ ಪುಸ್ತಕವನ್ನೂ ಬರೆದರು. ನೀತಿಬೋಧಕರೊಬ್ಬರಿಗೆ ಕಳ್ಳನನ್ನು ಹಿಡಿಯುವ ಕಥೆ ಕೀಳೆನಿಸಲಿಲ್ಲ ಎಂಬುದು ಗಮನಾರ್ಹ.

ಬರೆದರಾಯಿತೆ? ಓದುಗನ ಕೈಗೆ ಮುಟ್ಟಿಸಬೇಕು. ಮರಾಠಿಯಿಂದ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಗಳಗನಾಥರು (1869–1942) ಪುಸ್ತಕದ ಗಂಟು ಹೊತ್ತು ಊರೂರು ನಡೆದು ಮಾರಿದ ಕಥೆ ಎಲ್ಲರಿಗೂ ತಿಳಿದದ್ದೇ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕೂಡಿಸಿ ಪುಸ್ತಕ ಪ್ರಕಟಿಸುವ ಪದ್ಧತಿಗೆ ಗಟ್ಟಿ ನೆಲೆ ಒದಗಿಸಿತು. ಮುಂದೆ ಬೆಂಗಳೂರಿನ ಪತ್ತೇದಾರಿ ಮಾಲೆಗಳು ಬೆಳೆದದ್ದು ಇಂಥ ಪ್ರಯತ್ನಗಳು ಸಿದ್ಧಪಡಿಸಿದ ನೆಲದ ಮೇಲೆಯೇ.

ಆ ಮಾಲೆಗಳ ಕಾಲದ ಇಬ್ಬರನ್ನು ಇಲ್ಲಿ ವಿಶೇಷವಾಗಿ ಸ್ಮರಿಸಬೇಕು. ಒಬ್ಬರು ಮ. ರಾಮಮೂರ್ತಿ (1918–1967). ಇಂದು ನಮ್ಮ ಸಂಘಗಳ ವೇದಿಕೆಯ ಮೇಲೆ ಹಾರಾಡುವ ಹಳದಿ-ಕೆಂಪು ಬಾವುಟವನ್ನು ರೂಪಿಸಿದವರು ಇವರೇ. ಕನ್ನಡ ಚಳವಳಿಯ ಈ ಧುರೀಣರು ಪತ್ತೇದಾರಿ ಕಾದಂಬರಿಗಳ ಜನಪ್ರಿಯ ಲೇಖಕರೂ ಪತ್ರಿಕೆಗಳ ಪ್ರಕಾಶಕರೂ ಆಗಿದ್ದರೆಂಬುದು ಅನೇಕರಿಗೆ ತಿಳಿಯದು. 1967ರ ಡಿಸೆಂಬರಿನಲ್ಲಿ ತಮ್ಮ ಜಮೀನಿನಲ್ಲಿ ಬಾವಿ ತೋಡಿಸುತ್ತಿದ್ದಾಗ ಮಣ್ಣು ಕುಸಿದು ಇಬ್ಬರು ಮಕ್ಕಳೊಂದಿಗೆ ಅವರು ತೀರಿಕೊಂಡರು. ಬಾವುಟ ಉಳಿಯಿತು, ಪುಸ್ತಕಗಳು ಮರೆಯಾದವು. ಓದುಗರನ್ನು ಕನ್ನಡಕ್ಕೆ ಸೆಳೆಯುವುದೂ ಬಾವುಟವನ್ನು ಏರಿಸುವುದೂ ಅವರಿಗೆ ಒಂದೇ ಕೆಲಸದ ಎರಡು ಮುಖಗಳಾಗಿದ್ದುವೆಂದು ತೋರುತ್ತದೆ.

ಇನ್ನೊಬ್ಬರು ಎನ್. ನರಸಿಂಹಯ್ಯ (1925–2011). ಚಿಕ್ಕಮಗಳೂರಿನಲ್ಲಿ ಹುಟ್ಟಿ ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ಅವರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. 1952ರಲ್ಲಿ ಬಂದ ‘ಪತ್ತೇದಾರ ಪುರುಷೋತ್ತಮನ ಸಾಹಸ’ ಅವರ ಮೊದಲ ಕಾದಂಬರಿ. ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಅವರ ಪತ್ತೇದಾರರು ಒಂದು ತಲೆಮಾರಿನ ಮನೆಮಾತಾದರು. ಅಕ್ಷರ ಕಲಿತು ಶಾಲೆ ಬಿಟ್ಟವನಿಗೂ ಅರ್ಥವಾಗುವ ಸಣ್ಣ ವಾಕ್ಯ, ಪ್ರತಿ ಅಧ್ಯಾಯದ ಕೊನೆಗೊಂದು ಕುತೂಹಲ, ಅಗ್ಗದ ಬೆಲೆ ಇವುಗಳ ಬಲದಿಂದ ಅವು ಪಂಡಿತರ ಪುಸ್ತಕಗಳು ತಲುಪದ ಕಡೆ ತಲುಪಿದವು. ಇವರ ಹಿಂದೆಯೇ ಜಿಂದೆ ನಂಜುಂಡಸ್ವಾಮಿ, ಎಚ್.ಕೆ. ಅನಂತರಾವ್ ಮುಂತಾದವರು ಬಂದರು. ‘ಬಂಗಾರದ ಮನುಷ್ಯ’ದ ಕರ್ತೃ ಟಿ.ಕೆ. ರಾಮರಾವ್ ರಹಸ್ಯಕಥನಕ್ಕೆ ಹದವಾದ ಭಾಷೆಯನ್ನೂ ನೆಲದ ವಾಸನೆಯನ್ನೂ ಕೊಟ್ಟರು. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’, ‘ಜುಗಾರಿ ಕ್ರಾಸ್’ಗಳಲ್ಲಿ ಪತ್ತೇದಾರಿಯ ಹಂದರ ಗಂಭೀರ ಸಾಹಿತ್ಯದ ಚಪ್ಪರವನ್ನೇ ಹೊತ್ತು ನಿಂತಿತು.

ಸಣ್ಣಕಥೆ ಏಕೆ ಸಂಕಲನವಾಗಲಿಲ್ಲ?

ಮೇಲೆ ಹೆಸರಿಸಿದವುಗಳಲ್ಲಿ ಬಹುಪಾಲು ಕಾದಂಬರಿಗಳೇ. ಇದಕ್ಕೆ ವ್ಯಾಪಾರದ ಕಾರಣವುಂಟು. ಬಾಡಿಗೆ ಲೈಬ್ರರಿಗಳ ಕಾಲದಲ್ಲಿ ಓದುಗನು ದಿನಕ್ಕಿಷ್ಟೆಂದು ಹಣ ತೆತ್ತು ಒಂದು ಪುಸ್ತಕ ಒಯ್ಯುತ್ತಿದ್ದನು. ಒಂದೇ ಕುತೂಹಲ ಕೊನೆಯ ಪುಟದವರೆಗೆ ಎಳೆದೊಯ್ಯುವ ಪುಸ್ತಕ ಹೆಚ್ಚು ಕೈ ಬದಲಾಯಿಸುತ್ತಿತ್ತು. ಸಂಕಲನದಲ್ಲಿ ಒಂದು ಕಥೆ ಮುಗಿದೊಡನೆ ಪುಸ್ತಕ ಕೆಳಗಿಡಬಹುದು. ಆದ್ದರಿಂದ ಪ್ರಕಾಶಕರು ಕಾದಂಬರಿಯನ್ನೇ ಬಯಸಿದರು. ಅಪರಾಧದ ಸಣ್ಣಕಥೆಗೆ ಉಳಿದ ನೆಲೆ ನಿಯತಕಾಲಿಕಗಳು. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’, 1965ರಲ್ಲಿ ಆರಂಭವಾದ ‘ಸುಧಾ’, 1983ರ ‘ತರಂಗ’, ಇವುಗಳ ಜೊತೆಗೆ ದೀಪಾವಳಿ ಮತ್ತು ಯುಗಾದಿ ವಿಶೇಷಾಂಕಗಳು. ವಾರ ಕಳೆದರೆ ವಾರಪತ್ರಿಕೆ ರದ್ದಿಯಾಗುತ್ತದೆ. ಅದರೊಂದಿಗೆ ಕಥೆಯೂ ರದ್ದಿಯಾಗುತ್ತದೆ.

ಅಗ್ಗದ ಕಾಗದದ ಸಮಸ್ಯೆಯೂ ಸೇರಿತು. ಮರದ ತಿರುಳಿನಿಂದ ತಯಾರಾದ ಆ ಕಾಗದದಲ್ಲಿನ ಆಮ್ಲ ಕೆಲವೇ ದಶಕಗಳಲ್ಲಿ ಹಾಳೆಯನ್ನು ಹಳದಿಗಟ್ಟಿಸಿ, ಮಡಿಸಿದರೆ ಮುರಿಯುವಂತೆ ಮಾಡುತ್ತದೆ. ತಾಳೆಗರಿಯ ವಿದ್ಯುಚ್ಚೋರ ಸಾವಿರ ವರ್ಷ ಬದುಕಿದನು. ಪತ್ತೇದಾರ ಪುರುಷೋತ್ತಮನಿಗೆ ನೂರು ವರ್ಷದ ಭರವಸೆಯೂ ಇಲ್ಲ.

ಯಾರು ಅಪರಾಧಿ?

ಹಳೆಯ ಅಪರಾಧ ಕಥೆಗಳನ್ನು ಮತ್ತೆ ಪ್ರಕಟಿಸುವವರು ಒಂದು ಎಚ್ಚರ ವಹಿಸಬೇಕಾಗುತ್ತದೆ. ಸೊಲ್ಲಾಪುರದವರಿಗೆ ಅದನ್ನು ಬೇರೆಯವರು ಹೇಳಬೇಕಾಗಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಘೋಷಿಸಿತು. ಅಂಥ ಕುಟುಂಬಗಳನ್ನು ಸೊಲ್ಲಾಪುರದಲ್ಲಿ ತಂತಿಬೇಲಿಯೊಳಗಿನ ವಸಾಹತಿನಲ್ಲಿರಿಸಿ, ಹಾಜರಿ ಹಾಕಿಸಿ, ಗಿರಣಿಗಳಲ್ಲಿ ದುಡಿಸಲಾಯಿತು. ಊರಿನವರ ಬಾಯಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಇನ್ನೂ ಉಳಿದಿದೆ. 1952ರ ಆಗಸ್ಟ್ 31ರಂದು ಆ ಕಾಯಿದೆ ರದ್ದಾಯಿತು. ಆದರೆ ಕಥೆಗಳಲ್ಲಿ ಅದು ಅಷ್ಟು ಬೇಗ ರದ್ದಾಗಲಿಲ್ಲ. ಕಳುವಾದೊಡನೆ ಊರಾಚೆಯ ಗುಡಿಸಲಿನತ್ತ ಬೆರಳು ತೋರುವುದು ಅಗ್ಗದ ಪತ್ತೇದಾರಿಗೆ ಸುಲಭದ ಉಪಾಯವಾಗಿತ್ತು.

ಇದಕ್ಕೆ ಉತ್ತರ ಬಂದದ್ದು ಆತ್ಮಕಥನಗಳಿಂದ. ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’ ಮರಾಠಿಯಲ್ಲಿ 1988ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಕಳ್ಳನೆಂಬ ಹಣೆಪಟ್ಟಿಯನ್ನು ಹೊತ್ತು ಹುಟ್ಟಿದವನು ತನ್ನ ಕಥೆಯನ್ನು ತಾನೇ ಹೇಳಿದಾಗ ತಳವಾರ, ಕಳ್ಳರ ಸ್ಥಾನಗಳು ಅದಲುಬದಲಾದವು. ಮೆಡೋಸ್ ಟೇಲರನ ಥಗ್ಗನೂ ತನ್ನ ಕಥೆ ಹೇಳಿದ್ದನು, ಆದರೆ ಲೇಖನಿ ಅಧಿಕಾರಿಯ ಕೈಯಲ್ಲಿತ್ತು. ಇಲ್ಲಿ ಲೇಖನಿಯೂ ಹೇಳುವವನದೇ. ಕನ್ನಡದಲ್ಲಿ ಅಪರಾಧ ಕಥೆಗಳ ಒಳ್ಳೆಯ ಸಂಕಲನ ಸಿದ್ಧವಾಗುವುದಾದರೆ ಅದರಲ್ಲಿ ಪತ್ತೇದಾರನ ಪಕ್ಕದಲ್ಲಿ ಈ ದನಿಯೂ ಇರಬೇಕು. ಹಳೆಯ ಕಥೆಯಲ್ಲಿನ ಪೂರ್ವಗ್ರಹವನ್ನು ತಿದ್ದಿ ಅಳಿಸುವುದಕ್ಕಿಂತ ಪೀಠಿಕೆಯಲ್ಲಿ ಎತ್ತಿ ತೋರಿಸುವುದು ಚರಿತ್ರೆಗೆ ನ್ಯಾಯ.

ಸಂಘಗಳು ಮಾಡಬಹುದಾದ ಕೆಲಸ

1950ರಲ್ಲಿ ಎಂ.ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಸೊಲ್ಲಾಪುರದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಬೇಂದ್ರೆಯವರು 1944ರಿಂದ 1956ರವರೆಗೆ ಇಲ್ಲಿಯ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಜಯದೇವಿತಾಯಿ ಲಿಗಾಡೆಯವರು ಇಲ್ಲಿಂದಲೇ ನಾಡಿಗೆಲ್ಲ ಬೆಳಕಾದರು. ಈ ಹಿರಿಮೆಯ ಜೊತೆಗೆ, ಹೆಸರಿಲ್ಲದ ಸಾವಿರಾರು ಓದುಗರ ಪುಸ್ತಕಗಳನ್ನು ಉಳಿಸುವ ಹೊಣೆಯೂ ನಮ್ಮದಾಗಬೇಕು.

ಕೆಲಸ ಕಠಿಣವಲ್ಲ. ಮನೆಯ ಅಟ್ಟ, ಪೆಟ್ಟಿಗೆಗಳಲ್ಲಿ ಉಳಿದಿರುವ ಹಳೆಯ ಪತ್ತೇದಾರಿ ಪುಸ್ತಕ, ವಿಶೇಷಾಂಕ, ಲಾವಣಿ ಚೋಪಡಿಗಳನ್ನು ಒಂದೆಡೆ ತರುವುದು, ಲೇಖಕ, ಪ್ರಕಾಶಕ, ವರ್ಷ, ಬೆಲೆ, ಪುಟಸಂಖ್ಯೆಗಳ ಪಟ್ಟಿ ಮಾಡುವುದು, ಬಿಚ್ಚಿದರೆ ಮುರಿಯುವ ಹಾಳೆಗಳನ್ನು ಮೊದಲು ಛಾಯಾಚಿತ್ರದಲ್ಲಿ ಉಳಿಸುವುದು, ಹಾಡು ಬಲ್ಲ ಹಿರಿಯರಿಂದ ಸಿಂಧೂರ ಲಕ್ಷ್ಮಣನ ಪದಗಳನ್ನು ಧ್ವನಿಮುದ್ರಿಸಿಕೊಳ್ಳುವುದು ಮೊದಲ ಹಂತ. ಪ್ರಕಟಣೆ ಎರಡನೆಯದು. ಅಲ್ಲಿ ಹಕ್ಕಿನ ಪ್ರಶ್ನೆ ಬರುತ್ತದೆ. ನಮ್ಮ ಕಾಯಿದೆಯಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳವರೆಗೆ ಕೃತಿಸ್ವಾಮ್ಯ ಉಳಿಯುತ್ತದೆ. ವೆಂಕಟಕೃಷ್ಣಯ್ಯನವರ ಕೃತಿ, ಫ್ಲೀಟ್ ಪ್ರಕಟಿಸಿದ ಲಾವಣಿಗಳು ಈಗಾಗಲೇ ಎಲ್ಲರ ಸೊತ್ತು. ಮ. ರಾಮಮೂರ್ತಿಯವರ ಬರಹಗಳ ಹಕ್ಕಿನ ಅವಧಿ 2027ರ ಕೊನೆಗೆ ಮುಗಿಯುತ್ತದೆ. ನರಸಿಂಹಯ್ಯನವರ ಕೃತಿಗಳಿಗೆ ವಾರಸುದಾರರ ಒಪ್ಪಿಗೆ ಬೇಕು. ಇಂಗ್ಲಿಷಿನಿಂದಲೋ ಬಂಗಾಳಿಯಿಂದಲೋ ಅಳವಡಿಸಿಕೊಂಡ ಕಥೆಗಳಿದ್ದರೆ ಮೂಲವನ್ನು ಹುಡುಕಿ ಹೆಸರಿಸುವುದು ಸಂಪಾದಕರ ಧರ್ಮ.

ಹೀಗೆ ಸಿದ್ಧವಾಗುವ ಒಂದು ಸಂಪುಟದಲ್ಲಿ ಮೊದಲ ಕಥೆ ವಿದ್ಯುಚ್ಚೋರನದಿರಲಿ, ನಡುವೆ ಹಲಗಲಿಯವರೂ ಸಂಗ್ಯಾನೂ ಸಿಂಧೂರ ಲಕ್ಷ್ಮಣನೂ ಇರಲಿ, ಬಳಿಕ ಮಾಲೆಗಳ ಮತ್ತು ವಾರಪತ್ರಿಕೆಗಳ ಪತ್ತೇದಾರರು ಬರಲಿ, ಕೊನೆಗೆ ತಂತಿಬೇಲಿಯೊಳಗಿದ್ದವರ ಮಾತಿರಲಿ. ಅದನ್ನು ಓದುವ ಹುಡುಗ ಹುಡುಗಿಯರು ಕುತೂಹಲದಿಂದ ಪುಟ ತಿರುಗಿಸುತ್ತ ಹೋದರೆ ಸಾಕು. ಒಂದು ಕಾಲಕ್ಕೆ ಪುರುಷೋತ್ತಮನು ನಮ್ಮ ಹಿರಿಯರಿಗೆ ಮಾಡಿದ ಉಪಕಾರವೂ ಅದೇ ಆಗಿತ್ತು.